ಹತ್ತು ಲೆವೆಲ್, ಹದಿಮೂರು ದೃಶ್ಯ

ನಮ್ಮ ತಂಡ ಗಿರೀಶ ಕಾರ್ನಾಡರ ‘ತುಘಲಕ್’ ನಾಟಕ ಮಾಡುವುದು ಅಂತ ಆದಾಗ ಸೆಟ್ ನನ್ನ ಪಾಲಿಗೆ ಬಂತು. ಖುಷಿಯಲ್ಲಿ ನಾಟಕ ಸರಿಯಾಗಿ ಓದದೆಯೇ ಕಮಾನು ಬರೆಯಲು ಕೂತೆ. ದೆಹಲಿ ಸುಲ್ತಾನ ಅಂದಮೇಲೆ ಕಮಾನು ಇರಬೇಕು, ಅಲ್ವಾ? ಒಂದು ಅಡಿಗೆ ಅರ್ಧ ಇಂಚಿನ ಲೆಕ್ಕದಲ್ಲಿ ರಟ್ಟಿನ ಮಾಡೆಲ್ ಮಾಡಿದೆ. ಮೂರು ಕಮಾನು, ನಡುವೆ ಸಿಂಹಾಸನ. ನೋಡಿದವರೆಲ್ಲ ಹೊಗಳಿದರು. ನಿರ್ದೇಶಕರು ಮಾತ್ರ ತುಂಬಾ ಹೊತ್ತು ನೋಡಿ, “ಚೆನ್ನಾಗಿದೆ ಮಾರಾಯ್ರೆ, ಆದ್ರೆ ಬೀದಿ ಎಲ್ಲಿ?” ಅಂದರು.

ಮತ್ತೆ ಪುಸ್ತಕ ಹಿಡಿದೆ. ಕಾರ್ನಾಡರು ಈ ನಾಟಕಕ್ಕೆ ಹಳೇ ನಾಟಕ ಮಂಡಳಿಗಳ ಒಂದು ಉಪಾಯ ಬಳಸಿಕೊಂಡಿದ್ದಾರೆ. ಮುಂದೆ ಬೀದಿಯ ಪರದೆ ಬಿಟ್ಟು ಹಾಸ್ಯದವರಿಂದ ಒಂದು ದೃಶ್ಯ ಆಡಿಸುವುದು, ಅಷ್ಟರಲ್ಲಿ ಹಿಂದೆ ದರ್ಬಾರ್ ಜೋಡಿಸಿಕೊಳ್ಳುವುದು. ಅಂದರೆ ಜನ ಮುಂದೆ, ದೊರೆ ಹಿಂದೆ. ಆದರೆ ಇಲ್ಲಿ ಬೀದಿಯ ಅಗಸ ಅಜೀಜ ಕೊನೆಗೆ ಸುಲ್ತಾನನ ಎದುರಿಗೇ ಬಂದು ನಿಲ್ಲುತ್ತಾನೆ. ಮುಂದಿದ್ದದ್ದು ಹಿಂದಕ್ಕೆ ನುಗ್ಗುತ್ತದೆ. ನನ್ನ ಕಮಾನಿಗೆ ಇದ್ಯಾವುದೂ ಗೊತ್ತೇ ಇರಲಿಲ್ಲ. ಮಾಡೆಲ್ ಅಟ್ಟಕ್ಕೆ ಹೋಯಿತು.

ಇನ್ನೊಂದು ತಲೆನೋವು ಕತ್ತಲೆಯದು. 13 ದೃಶ್ಯ ಅಂದರೆ ನಡುವೆ 12 ಬದಲಾವಣೆ. ಒಂದೊಂದಕ್ಕೆ 40 ಸೆಕೆಂಡ್ ಹಿಡಿದರೂ ಪ್ರೇಕ್ಷಕರು ಎಂಟು ನಿಮಿಷ ಕತ್ತಲಲ್ಲಿ ಕೂತು ಕೆಮ್ಮಬೇಕು.

ಪ್ಲೈವುಡ್ ಹಾಳೆ ಎಂಟಕ್ಕೆ ನಾಲ್ಕು ಅಡಿ ಬರುತ್ತದೆ. ಮಧ್ಯಕ್ಕೆ ಕೊಯ್ದರೆ ನಾಲ್ಕಕ್ಕೆ ನಾಲ್ಕರ ಎರಡು ತುಂಡು, ಒಂಚೂರೂ ವೇಸ್ಟ್ ಇಲ್ಲ. ಐದು ಹಾಳೆಯಲ್ಲಿ ಹತ್ತು ಲೆವೆಲ್, ಅಂದರೆ ನಟರು ಹತ್ತಿ ನಿಲ್ಲುವ, ಎತ್ತಿ ಜರುಗಿಸಬಹುದಾದ ಕಟ್ಟೆಗಳನ್ನು ಮಾಡಿಸಿ, ಬರೀ ಅವುಗಳಲ್ಲೇ ಇಡೀ ನಾಟಕ ಮುಗಿಸಬೇಕು ಅಂದುಕೊಂಡೆ. ಹೇಗೆ ಅಂತ ನಿಜವಾಗಿ ತಿಳಿದಿದ್ದು ತಾಲೀಮಿನ ಜಾಗಕ್ಕೆ ಟೆಂಪೋದಿಂದ ಅವನ್ನು ಇಳಿಸುವಾಗ. ಗುಂಪಿನ ಹುಡುಗರು ಇಬ್ಬಿಬ್ಬರಾಗಿ ಲೆವೆಲ್ ತಲೆ ಮೇಲೆ ಹೊತ್ತು ಸಾಲಾಗಿ ಬರುತ್ತಿದ್ದರು. ಗುಳೆ ಹೊರಟವರ ಹಾಗೆ! ಸುಲ್ತಾನ ರಾಜಧಾನಿ ಬದಲಿಸಿದಾಗ ದೆಹಲಿ ಬಿಟ್ಟು ದೌಲತಾಬಾದಿಗೆ ನಡೆಯುವ ಜನ ಇವರೇ ಅಲ್ಲವೇ? ಕತ್ತಲೆ ಯಾಕೆ ಬೇಕು? ಬೆಳಕಲ್ಲೇ, ಎಲ್ಲರ ಕಣ್ಣೆದುರಿಗೇ, ಜನ ಸುಲ್ತಾನನ ಅರಮನೆ ಹೊತ್ತುಕೊಂಡು ಹೋಗಲಿ. ಆಗಾಗ ಒಂದೊಂದು ಲೆವೆಲ್ ವಿಂಗ್‌ನೊಳಗೆ, ಅಂದರೆ ರಂಗದ ಪಕ್ಕದ ಮರೆಗೆ, ಹೋಗಬೇಕು, ವಾಪಸ್ ಬರಬಾರದು. ಕೊನೆಗೆ ಸುಲ್ತಾನನ ಕೆಳಗೆ ಒಂದೇ ಒಂದು ಉಳಿಯಬೇಕು, ಅದೂ ಬೀದಿ ಇದ್ದ ಜಾಗದಲ್ಲೇ.

ಕಾಗದದಲ್ಲಿ ಸರಿ ಕಂಡಿದ್ದು ಕಾಲಿಗೆ ಸರಿ ಹೋಗಲಿಲ್ಲ. ಮೆಟ್ಟಿಲು ಒಂಬತ್ತು ಇಂಚು ಇಟ್ಟಿದ್ದೆ. ಮೊದಲ ದಿನ ಪ್ಯಾಂಟಿನಲ್ಲಿ ಸಲೀಸಾಗಿ ಹತ್ತಿದ ನಟ, ಉದ್ದನೆಯ ನಿಲುವಂಗಿ ತೊಟ್ಟ ದಿನ ಎಡವಿ ಬಿದ್ದ. “ಆಚಾರ್ರೇ, ಆರು ಇಂಚಿಗೆ ಇಳಿಸಿ” ಅಂತ ಕೇಳಿಕೊಂಡೆ. ಆಚಾರ್ರು ಬೈದುಕೊಂಡೇ ಮಾಡಿಕೊಟ್ಟರು. ಲೆವೆಲ್ ಮೇಲೆ ಓಡಿದರೆ ಡಬಡಬ ಅಂತ ಮಾತೇ ಕೇಳುತ್ತಿರಲಿಲ್ಲ. ಮೇಲೆ ಗೋಣಿತಟ್ಟು ಬಿಗಿದು ಬಣ್ಣ ಬಳಿದಮೇಲೆ ಸದ್ದು ಅಡಗಿತು. ಮಣ್ಣಿನ ಗೋಡೆಯಂಥ ಒರಟುತನವೂ ಬಂತು, ಅದು ಪುಕ್ಕಟೆ ಲಾಭ.

ನನಗೆ ಜಾಸ್ತಿ ಇಷ್ಟವಾದ ಕೆಲಸ ಖೋಟಾ ನಾಣ್ಯದ್ದು. ತಾಮ್ರದ ನಾಣ್ಯದ ಯೋಜನೆ ಕೆಟ್ಟು, ಗಾಡಿಗಟ್ಟಲೆ ಖೋಟಾ ನಾಣ್ಯ ಸುಲ್ತಾನನ ಗುಲಾಬಿ ತೋಟದಲ್ಲಿ ರಾಶಿ ಬೀಳುತ್ತದಲ್ಲ, ಅದನ್ನು ಬರೀ ಮಾತಿನಲ್ಲಿ ಬಿಡಲು ಮನಸ್ಸಾಗಲಿಲ್ಲ. ರಟ್ಟಿನದು ಮಾಡಿದರೆ ಸದ್ದಿಲ್ಲ. ಪ್ಲಾಸ್ಟಿಕ್ ಗುಂಡಿ ಆಟಿಕೆಯಂತೆ ಕೇಳಿಸಿತು. ಕೊನೆಗೆ ಬಾರ್‌ಗಳಿಂದ ಬಾಟಲಿ ಮುಚ್ಚಳ ತಂದು, ಸುತ್ತಿಗೆಯಲ್ಲಿ ತಟ್ಟಿ ಚಪ್ಪಟೆ ಮಾಡಿ, ತಾಮ್ರದ ಬಣ್ಣ ಹಚ್ಚಿದೆವು. ಮೂರು ಸಲ ತೊಳೆದರೂ ಬಿಯರ್ ವಾಸನೆ ಹೋಗಲಿಲ್ಲ. ಎರಡು ಮೂಟೆ ಒಟ್ಟಿಗೆ ಸುರಿದಾಗ ಬಂದ ಆ ಕರ್ಕಶ ಸದ್ದಿಗೆ ಮಾತ್ರ ಮುಂದಿನ ಸಾಲಿನವರು ಬೆಚ್ಚಿದರು.

ದೌಲತಾಬಾದ್ ಕೋಟೆಯ ಮೇಲೆ ಇಬ್ಬರು ಕಾವಲುಗಾರರ ದೃಶ್ಯ ನನಗೆ ಒಲಿಯಲೇ ಇಲ್ಲ. ಮೂರು ಲೆವೆಲ್ ಒಂದರ ಮೇಲೊಂದು ಪೇರಿಸಿದ್ದೆ. ಅದು ಕೋಟೆಯಾಗಲಿಲ್ಲ, ಪೆಟ್ಟಿಗೆಗಳಾಗಿಯೇ ಉಳಿಯಿತು. ಪ್ರದರ್ಶನ ಮುಗಿದಮೇಲೆ ಔರಂಗಾಬಾದ್ ಕಡೆ ಹೋಗಿ ಆ ಕೋಟೆ ಹತ್ತಿದೆ. ನೆಟ್ಟಗೆ ಕಡಿದ ಬಂಡೆ, ಅದರೊಳಗೆ ‘ಅಂಧೇರಿ’ ಅನ್ನುವ ಸುರಂಗ. ಒಳಗೆ ನಮ್ಮ ಕೈ ನಮಗೇ ಕಾಣಲಿಲ್ಲ. ಮತ್ತೆ ಅವಕಾಶ ಸಿಕ್ಕರೆ ಆ ದೃಶ್ಯಕ್ಕೆ ಲೆವೆಲ್ಲೇ ಬೇಡ, ಒಂದು ಲಾಟೀನು ಕೊಟ್ಟು ಬಿಟ್ಟುಬಿಡುತ್ತೇನೆ.