ಒರಾಕಲ್‌ನಲ್ಲಿ ಜಾಬ್ ಓಡಿತೋ, ಸರದಿಯಲ್ಲೇ ನಿಂತಿತೋ: ನಾನು ನೋಡುವ ಕ್ರಮ

ಬ್ಯಾಡಗಿ ಮೆಣಸಿನಕಾಯಿ ಪೇಟೆಯ ವಹಿವಾಟು ಸೋಮವಾರ ಮತ್ತು ಗುರುವಾರ. ಹುಬ್ಬಳ್ಳಿಯಲ್ಲಿ ಕೂತು ನಾನು ನೋಡಿಕೊಳ್ಳುವ ಒರಾಕಲ್ ಡೇಟಾಬೇಸ್ ಸರ್ವರಿನಲ್ಲಿ ಅಡತಿ ಅಂಗಡಿಗಳ ಲೆಕ್ಕ ಕೂಡಿಸುವ ಜಾಬ್ (ಹೊತ್ತಿಗೆ ತಾನಾಗಿ ಓಡುವ ಕೆಲಸ) ಆ ಎರಡು ದಿನ ರಾತ್ರಿ 11ಕ್ಕೆ ಓಡಬೇಕು. ಅದು ನಿಂತರೆ ಮರುದಿನ ಪಟ್ಟಿ ಇಲ್ಲ, ರೈತರ ಹಣವೂ ತಡ.

ಮೊದಲು ನೋಡುವುದು ಜಾಬ್_ಕ್ಯೂ_ಪ್ರೊಸೆಸಸ್ ಪ್ಯಾರಾಮೀಟರ್, ಅಂದರೆ ಜಾಬ್ ಓಡಿಸಲು ಏಕಕಾಲಕ್ಕೆ ಎಷ್ಟು ಪ್ರೊಸೆಸ್ ಇರಬಹುದೆಂಬ ಮಿತಿ. ಅದು 0 ಇದ್ದರೆ ಯಾವ ಜಾಬೂ ಏಳುವುದಿಲ್ಲ, ಒರಾಕಲ್ 11.2 ಆವೃತ್ತಿಯಿಂದ ಹೊಸ ಪದ್ಧತಿಯಾದ ಶೆಡ್ಯೂಲರ್ ಜಾಬ್‌ಗಳಿಗೂ ಇದೇ ನಿಯಮ. ಅಪ್‌ಗ್ರೇಡ್ ಮಾಡುವಾಗ 0 ಮಾಡಿ ಮರಳಿ ಏರಿಸಲು ಮರೆಯುವುದು ತೀರಾ ಸಾಮಾನ್ಯ. ಎರರ್ ಎಲ್ಲೂ ಬೀಳುವುದಿಲ್ಲ, ಸರದಿ ಮಾತ್ರ ಬೆಳೆಯುತ್ತದೆ. ಮತ್ತೆ 10ಕ್ಕೆ ಏರಿಸಿದ ಕೂಡಲೇ ವೇಳೆ ಮೀರಿದವೆಲ್ಲ ಒಟ್ಟಿಗೇ ನುಗ್ಗುತ್ತವೆ. ಆದ್ದರಿಂದ ಭಾರದ ಜಾಬ್‌ಗಳ ನೆಕ್ಸ್ಟ್ ಡೇಟ್ (ಮುಂದೆ ಓಡಬೇಕಾದ ವೇಳೆ) ಮುಂದೂಡಿ, ಆಮೇಲೆ ಏರಿಸುತ್ತೇನೆ.

ಆಮೇಲೆ ಡಿಬಿಎ_ಜಾಬ್ಸ್, ಅಂದರೆ ಹಳೆಯ ಪದ್ಧತಿಯ ಎಲ್ಲ ಜಾಬ್‌ಗಳ ಪಟ್ಟಿ. ಯೂಸರ್_ಜಾಬ್ಸ್ ನೋಡಿದರೆ ನಮ್ಮ ಲಾಗಿನ್‌ನವು ಮಾತ್ರ ಕಾಣುತ್ತವೆ, ಅದನ್ನು ನಂಬಬೇಡಿ. ನೆಕ್ಸ್ಟ್ ಡೇಟ್ ಈಗಿನ ಸಮಯಕ್ಕಿಂತ ಹಿಂದಿದ್ದು, ಬ್ರೋಕನ್ ಕಾಲಂನಲ್ಲಿ ಎನ್ (ಇಲ್ಲ) ಇದ್ದರೆ ಜಾಬ್ ಈಗ ಓಡುತ್ತಿದೆ ಅಥವಾ ಪ್ರೊಸೆಸ್ ಸಿಗದೆ ಕಾಯುತ್ತಿದೆ. ಡಿಬಿಎ_ಜಾಬ್ಸ್_ರನ್ನಿಂಗ್ ನೋಡಿದರೆ ಯಾವುದೆಂದು ತಿಳಿಯುತ್ತದೆ. ಸೋತ ಜಾಬನ್ನು ಒರಾಕಲ್ 1 ನಿಮಿಷ, 2 ನಿಮಿಷ, 4 ನಿಮಿಷ ಹೀಗೆ ಬಿಟ್ಟು ಬಿಟ್ಟು ಎಬ್ಬಿಸುತ್ತದೆ. 16 ಸಲ ಸೋತರೆ ಬ್ರೋಕನ್ ಎಂದು ಗುರುತಿಸಿ ಎಬ್ಬಿಸುವುದನ್ನೇ ಬಿಡುತ್ತದೆ. ನೆಕ್ಸ್ಟ್ ಡೇಟ್‌ನಲ್ಲಿ 4000ನೇ ಇಸವಿಯ ಜನವರಿ 1 ಕಾಣುತ್ತದೆ. ಅದನ್ನು ಸರಿಪಡಿಸಲು ಜಾಬಿನ ಒಡೆಯ ಯೂಸರ್ ಆಗಿಯೇ ಲಾಗಿನ್ ಆಗಬೇಕು, ಇಲ್ಲವಾದರೆ ಓಆರ್‌ಎ-23421 ಎಂಬ ಎರರ್ ಬರುತ್ತದೆ. ಕೊನೆಗೆ ಕಮಿಟ್ (ಬದಲಾವಣೆ ಖಾಯಂ ಮಾಡುವ ಆಜ್ಞೆ) ಕೊಡದಿದ್ದರೆ ಮಾಡಿದ್ದೆಲ್ಲ ವ್ಯರ್ಥ.

ಹೆಚ್ಚು ಕಾಡುವುದು ಇಂಟರ್ವಲ್, ಅಂದರೆ ಮುಂದಿನ ಸರದಿಯ ವೇಳೆ ಲೆಕ್ಕಹಾಕುವ ಸೂತ್ರ. ದಿನನಿತ್ಯದ ಜಾಬಿಗೆ ಸಿಸ್‌ಡೇಟ್+1 ಬರೆದರೆ, ಜಾಬ್ ಎದ್ದ ಗಳಿಗೆಗೆ ಒಂದು ದಿನ ಕೂಡುತ್ತದೆ. ಇವತ್ತು 11 ಗಂಟೆ 4 ಸೆಕೆಂಡಿಗೆ ಎದ್ದರೆ ನಾಳೆ ಅದಕ್ಕಿಂತ ಮುಂಚೆ ಏಳದು. ತಿಂಗಳಲ್ಲಿ ನಿಮಿಷಗಳೇ ಜಾರುತ್ತವೆ. ಟ್ರಂಕ್(ಸಿಸ್‌ಡೇಟ್)+1+23/24, ಅಂದರೆ ನಾಳೆ ರಾತ್ರಿ ಸರಿಯಾಗಿ 11 ಎಂದು ಬರೆದರೆ ಜಾರುವುದಿಲ್ಲ. ಆದರೆ ಸರ್ವರ್ ಬಂದ್ ಇದ್ದು ಸೋಮವಾರದ ಜಾಬ್ ನಡುರಾತ್ರಿ 12:30ಕ್ಕೆ ಎದ್ದಿತೆನ್ನಿ, ಆಗಲೇ ಮಂಗಳವಾರ. ಲೆಕ್ಕ ಬುಧವಾರ ರಾತ್ರಿಗೆ ಹೋಗಿ ಮಂಗಳವಾರದ ಸರದಿ ಪೂರ್ತಿ ತಪ್ಪುತ್ತದೆ.

ಈ ಕಾರಣಕ್ಕೇ ಪೇಟೆಯ ಜಾಬನ್ನು ಶೆಡ್ಯೂಲರ್‌ಗೆ ಹಾಕಿದ್ದೇನೆ: ವಾರದ ಲೆಕ್ಕದ (ವೀಕ್ಲಿ) ಫ್ರೀಕ್ವೆನ್ಸಿ, ದಿನ ಸೋಮ ಮತ್ತು ಗುರು, ಗಂಟೆ 23, ನಿಮಿಷ 0, ಸೆಕೆಂಡ್ 0. ಸ್ಟಾರ್ಟ್ ಡೇಟ್‌ನಲ್ಲಿ ಏಷ್ಯಾ/ಕೋಲ್ಕತಾ ವಲಯ ಬರೆಯಲೇಬೇಕು. ಯುಟಿಸಿ (ಜಾಗತಿಕ ಪ್ರಮಾಣ ವೇಳೆ) ಉಳಿದರೆ ರಾತ್ರಿ 11ರ ಜಾಬ್ ನಮ್ಮಲ್ಲಿ ನಸುಕಿನ 4:30ಕ್ಕೆ ಏಳುತ್ತದೆ.

ಓಡಿದ ಇತಿಹಾಸ ಡಿಬಿಎ_ಶೆಡ್ಯೂಲರ್_ಜಾಬ್_ರನ್_ಡೀಟೇಲ್ಸ್‌ನಲ್ಲಿದೆ. ಹೇಳಿ ಬದಲಿಸದಿದ್ದರೆ 30 ದಿನ ಉಳಿಯುತ್ತದೆ. ಸ್ಟೇಟಸ್ ಸಕ್ಸೀಡೆಡ್ ಎಂದಿದ್ದರೂ ನಾನು ಅಲ್ಲಿಗೆ ಬಿಡುವುದಿಲ್ಲ. ಪ್ರೊಸೀಜರಿನಲ್ಲಿ ಯಾರಾದರೂ ವೆನ್ ಅದರ್ಸ್ ದೆನ್ ನಲ್ (ಯಾವ ಎರರ್ ಬಂದರೂ ಸುಮ್ಮನಿರು) ಎಂದು ಬರೆದಿದ್ದರೆ ಎರರ್ ಅಲ್ಲೇ ಹೂತುಹೋಗಿರುತ್ತದೆ. ಅದಕ್ಕೇ ಮೊತ್ತದ ಟೇಬಲ್ಲಿನಲ್ಲಿ ಹಿಂದಿನ ದಿನದ ತಾರೀಖಿನ ಸಾಲುಗಳನ್ನು ಎಣಿಸಿ, ಅಂದಿನ ಲಾಟ್‌ಗಳ ಸಂಖ್ಯೆಗೆ ತಾಳೆ ನೋಡುತ್ತೇನೆ.