ಅಡ್ವಾನ್ಸ್‌ಡ್ ರೈಡಿಂಗ್ ಕೋರ್ಸ್: ಹೆಸರು ನೋಡದೆ ಸ್ಟಾಪ್‌ವಾಚ್ ಹಿಡಿದು ಆರಿಸಿದ್ದು

ಮೊದಲು ನಮ್ಮ ಸವಾರಿಯನ್ನು ಅಳೆಯೋಣ, ಕೋರ್ಸಿನ ಮಾತು ಆಮೇಲೆ ಅಂದಾಗ ಜೊತೆಯ ಸವಾರರಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ರೇಸ್ ಟ್ರ್ಯಾಕಿನಲ್ಲಿ ಬೈಕ್ ಸವಾರಿ ಕಲಿಸುವ ದೊಡ್ಡ ಹೆಸರಿನ ಸ್ಕೂಲಿಗೆ ಎರಡು ದಿನ ಹೋಗಿಬಂದರೆ ಉಳಿದದ್ದೆಲ್ಲ ತಾನಾಗಿ ಬರುತ್ತೆ, ಖಾಲಿ ಮೈದಾನದಲ್ಲಿ ಕೋನ್ ಸುತ್ತುವುದು ಲೈಸೆನ್ಸ್ ಟೆಸ್ಟಿನವರ ಕೆಲಸ ಅನ್ನುವುದು ಅವರ ವಾದ. ಈಗ ಅಂಕಿ ಕೈಯಲ್ಲಿದೆ. 60 ಕಿ.ಮೀ. ವೇಗದಿಂದ ನಿಲ್ಲಲು ಮೊದಲು 19 ಮೀಟರಿಂದ 27 ಮೀಟರ್‌ವರೆಗೆ ಒಂದೊಂದು ಸಲ ಒಂದೊಂದು ದೂರ ಬರುತ್ತಿತ್ತು. ಈಗ ಹತ್ತರಲ್ಲಿ ಒಂಬತ್ತು ಸಲ 17.5 ಮತ್ತು 19.5ರ ನಡುವೆ ಗಾಡಿ ನಿಲ್ಲುತ್ತದೆ. ಅದೇ ಬೈಕ್, ಅದೇ ಟೈರ್, ಅದೇ ನೆಲ. ಮೈದಾನದ ಕೋರ್ಸಿಗೆ ಖರ್ಚಾದದ್ದು, ಮೊದಲು ನಾನು ಟ್ರ್ಯಾಕಿಗೆ ಸುರಿದ ದುಡ್ಡಿನ ಹೆಚ್ಚುಕಡಿಮೆ ಕಾಲುಭಾಗ.

ನಾಲ್ಕು ಪರೀಕ್ಷೆ ಮಾಡಿಕೊಂಡೆ. ಬ್ರೇಕನ್ನು ಮೊದಲು ಇಟ್ಟದ್ದಕ್ಕೆ ಕಾರಣ ಇದೆ. ಲಾಸ್ ಏಂಜಲೀಸ್ ಕಡೆಯ 900 ಬೈಕ್ ಅಪಘಾತಗಳನ್ನು ಆದ ಜಾಗದಲ್ಲೇ ಪರಿಶೀಲಿಸಿ ಸಂಶೋಧಕ ಹ್ಯಾರಿ ಹರ್ಟ್ ಅವರ ತಂಡ 1981ರಲ್ಲಿ ವರದಿ ಕೊಟ್ಟಿತು. ಸವಾರರು ಹಿಂದಿನ ಬ್ರೇಕ್ ತುಳಿದು ಚಕ್ರ ಜಾರಿಸುತ್ತಾರೆ, ಮುಂದಿನದನ್ನು ಸಾಕಷ್ಟು ಹಿಡಿಯುವುದಿಲ್ಲ, ಕೌಂಟರ್‌ಸ್ಟೀರ್ ಮಾಡಿ, ಅಂದರೆ ಹೋಗಬೇಕಾದ ಕಡೆಯ ಹ್ಯಾಂಡಲನ್ನು ಮುಂದಕ್ಕೆ ಒತ್ತಿ ಗಾಡಿ ವಾಲಿಸಿ, ತಪ್ಪಿಸಿಕೊಳ್ಳುವುದಂತೂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಅಂತ ಅದರಲ್ಲಿದೆ. ಚಕ್ರ ಲಾಕ್ ಆಗಲು ಹೊರಟಾಗ ಬ್ರೇಕನ್ನು ತಾನೇ ಸಡಿಲಿಸುವ ಎಬಿಎಸ್ ಬಂದ ಮೇಲೆ, ಅದು ಇರುವ ಚಕ್ರ ಲಾಕ್ ಆಗುವುದು ತಪ್ಪಿತು. ಮಿಕ್ಕ ಎರಡು ತಪ್ಪು ಹಾಗೇ ಉಳಿದಿವೆ.

ಬ್ರೇಕ್ ಪರೀಕ್ಷೆಗೆ ಒಂದು ಕೋನ್, ಒಂದು ಅಳತೆ ಟೇಪು, ಫೋನಿನ ಜಿಪಿಎಸ್ ಸಾಕು. ಸ್ಪೀಡೋಮೀಟರ್ ನಂಬಬೇಡಿ, ಅದು ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ನಿಲ್ಲುವ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ ವೇಗದಲ್ಲಿ ಶೇಕಡಾ 5 ತಪ್ಪಾದರೆ ದೂರದಲ್ಲಿ ಶೇಕಡಾ 10 ತಪ್ಪಾಗುತ್ತದೆ. 18 ಮೀಟರಿನಲ್ಲಿ ಅದು ಹತ್ತಿರ ಹತ್ತಿರ ಎರಡು ಮೀಟರ್. ಕೋನ್ ದಾಟುವಾಗ ಬ್ರೇಕ್ ಲಿವರ್ ಒತ್ತಲು ಶುರು, ನಿಂತ ಮೇಲೆ ಕೋನಿನಿಂದ ಮುಂದಿನ ಆಕ್ಸಲ್‌ವರೆಗೆ ಅಳತೆ. ಹನ್ನೆರಡು ಸಲ ಮಾಡಿ, ಟೈರು ತಣ್ಣಗಿರುವ ಮೊದಲ ಎರಡನ್ನು ಬಿಡಬೇಕು. ಎಬಿಎಸ್ ಇಲ್ಲದ ಗಾಡಿಯಾದರೆ 40ರಿಂದ ಶುರು ಮಾಡಿ. ನೋಡಬೇಕಾದದ್ದು ಅತಿ ಕಡಿಮೆ ದೂರವನ್ನಲ್ಲ, ಹೆಚ್ಚಿನದಕ್ಕೂ ಕಡಿಮೆಯದಕ್ಕೂ ಇರುವ ಅಂತರವನ್ನು. 8 ಮೀಟರ್ ಅಂತರ ಇದ್ದರೆ ಕೈ ಇನ್ನೂ ಪಳಗಿಲ್ಲ ಅಂತಲೇ ಲೆಕ್ಕ, ಒಂದು ಸಲ 17ಕ್ಕೆ ನಿಂತಿದ್ದರೂ ಸರಿ.

ಎರಡನೆಯದು ತಪ್ಪಿಸುವ ಪರೀಕ್ಷೆ. 40 ಕಿ.ಮೀ. ವೇಗದಲ್ಲಿ ಎರಡು ಕೋನ್‌ಗಳ ಬಾಗಿಲು ದಾಟಿದ ಮೇಲೆ, ಮುಂದಿರುವ ಅಡ್ಡಿ ಬರುವುದರೊಳಗೆ 2 ಮೀಟರ್ ಪಕ್ಕಕ್ಕೆ ಸರಿಯಬೇಕು. ಬ್ರೇಕ್ ಮುಟ್ಟುವ ಹಾಗಿಲ್ಲ. ಬಾಗಿಲಿಗೂ ಅಡ್ಡಿಗೂ ಮೊದಲು 20 ಮೀಟರ್ ಇಟ್ಟು, ಪ್ರತಿ ಸಲ ಒಂದೊಂದು ಮೀಟರ್ ಕಡಿಮೆ ಮಾಡುತ್ತಾ ಬರುವುದು. ಅಡ್ಡಿಗೆ ಕೋನ್ ಬೇಡ, ಅರ್ಧಕ್ಕೆ ಕತ್ತರಿಸಿದ ಟೆನಿಸ್ ಚೆಂಡು ಸಾಕು. ಹತ್ತಿಸಿದರೂ ಗಾಡಿ ಬೀಳುವುದಿಲ್ಲ. ಎಡಕ್ಕೆ ಬೇರೆ, ಬಲಕ್ಕೆ ಬೇರೆ ಬರೆದಿಡಿ. ನನಗೆ ಬಲಕ್ಕೆ 13 ಮೀಟರ್ ಸಾಕಾಗುತ್ತಿತ್ತು, ಎಡಕ್ಕೆ 17 ಬೇಕಾಗುತ್ತಿತ್ತು. ವರ್ಷಗಟ್ಟಲೆ ಸವಾರಿ ಮಾಡಿದವರಲ್ಲೂ ಈ ವ್ಯತ್ಯಾಸ ಇರುತ್ತದೆ, ಅಳೆಯದೆ ಗೊತ್ತಾಗುವುದಿಲ್ಲ.

ಮೂರನೆಯದು ಎಂಟರ ಆಕಾರ. 18 ಮೀಟರ್ ಉದ್ದದ ಚೌಕಟ್ಟಿನಲ್ಲಿ ಕಾಲು ಊರದೆ ಐದು ಸಲ ಸತತವಾಗಿ ತಿರುಗಿಸಲು ಎಷ್ಟು ಅಗಲ ಬೇಕು ಅನ್ನುವುದೇ ಅಳತೆ. ಹಾಫ್ ಕ್ಲಚ್, ಹಿಂದಿನ ಬ್ರೇಕಿನ ಸಣ್ಣ ಎಳೆತ, ತಲೆ ತಿರುಗಿಸುವುದು ಎಲ್ಲರಿಗೂ ಗೊತ್ತಿರುವುದೇ, ಅದನ್ನು ಬರೆಯುವುದಿಲ್ಲ.

ನಾಲ್ಕನೆಯದು ನನಗೆ ಬಹಳ ಇಷ್ಟವಾದದ್ದು, ಮಾಡುವವರು ಮಾತ್ರ ಕಡಿಮೆ. 12 ಮೀಟರ್ ತ್ರಿಜ್ಯದ ವೃತ್ತ. ಹಗ್ಗದ ಒಂದು ತುದಿ ನಡುವೆ ಹಿಡಿದು ಚಾಕ್‌ನಿಂದ ಗುರುತು ಹಾಕಿದರೆ ಮುಗಿಯಿತು. ಸುತ್ತಳತೆ 75 ಮೀಟರ್ ಚಿಲ್ಲರೆ. 30 ಕಿ.ಮೀ. ವೇಗದಲ್ಲಿ ಒಂದು ಸುತ್ತಿಗೆ 9 ಸೆಕೆಂಡ್, ಗಾಡಿ ಸುಮಾರು 30 ಡಿಗ್ರಿ ವಾಲಿರುತ್ತದೆ. ಐದು ಸುತ್ತನ್ನು ಒಂದೊಂದಾಗಿ ಟೈಮ್ ಮಾಡಿ. 9.0, 9.8, 8.7, 9.6 ಅಂತ ಬಂದರೆ ಥ್ರಾಟಲ್ ಕೈ ಒಂದೇ ಸಮ ಇಲ್ಲ, ಕಣ್ಣು ಚಕ್ರದ ಮುಂದಿನ ನೆಲ ನೋಡುತ್ತಿದೆ ಅಂತ ಅರ್ಥ. ತಿರುವಿನ ನಡುವೆ ಗ್ಯಾಸ್ ಬಿಟ್ಟು ಹಿಡಿದು ಮಾಡುವವರಿಗೆ ಟ್ರ್ಯಾಕಿನ ಪಾಠ ಇನ್ನೂ ಹತ್ತುವುದಿಲ್ಲ. ಅಂಥವರು 120ರಲ್ಲಿ ಮಾಡುವ ತಪ್ಪನ್ನು ಇಲ್ಲಿ 30ರಲ್ಲೇ ನೋಡಬಹುದು.

ಈ ಅಂಕಿಗಳನ್ನು ಇಟ್ಟುಕೊಂಡು ಕೋರ್ಸ್ ಹುಡುಕಬೇಕು. ಬ್ರೇಕಿನ ಅಂತರ 4 ಮೀಟರಿಗಿಂತ ಹೆಚ್ಚಿದ್ದರೆ, ಅಥವಾ ಎಡ ಬಲ 3 ಮೀಟರಿಗಿಂತ ಬೇರೆಯಿದ್ದರೆ ಮೈದಾನದ ಕೋರ್ಸ್. ವೃತ್ತದ ಸುತ್ತುಗಳು 0.3 ಸೆಕೆಂಡಿನೊಳಗೆ ಬರುತ್ತಿದ್ದರೆ ಟ್ರ್ಯಾಕಿಗೆ ಧೈರ್ಯವಾಗಿ ಹೋಗಬಹುದು. 1980ರಲ್ಲಿ ಕೀತ್ ಕೋಡ್ ಶುರುಮಾಡಿದ ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲಿನ ಹಾಗೆ ಒಂದೊಂದು ಕೌಶಲವನ್ನೂ ಬಿಡಿಸಿ, ಒಂದೊಂದೇ ಕಲಿಸುವ ಕ್ರಮ ಇರುವ ಕಡೆ ಹೋಗಿ. ನಾಲ್ಕೂ ಪರೀಕ್ಷೆ ಚೆನ್ನಾಗಿದ್ದು, ರಸ್ತೆಯಲ್ಲಿ ಮಾತ್ರ ಆಗಾಗ ಬೆಚ್ಚಿ ಬ್ರೇಕ್ ಹಿಡಿಯುವಂತಾದರೆ ತೊಂದರೆ ಕೈಯಲ್ಲಿಲ್ಲ, ನೋಟದಲ್ಲಿದೆ. ಆಗ ಬೇಕಾದದ್ದು ಹಿಂದೆ ಬಂದು ರೇಡಿಯೋದಲ್ಲಿ ಹೇಳಿಕೊಡುವ ರಸ್ತೆ ಕೋರ್ಸ್. ಬ್ರಿಟನ್ನಿನ ಪೊಲೀಸ್ ಸವಾರರ ಪದ್ಧತಿ ಇದಕ್ಕೆ ಒಳ್ಳೆಯ ಮಾದರಿ: ಮಾಹಿತಿ, ಸ್ಥಾನ, ವೇಗ, ಗೇರು, ಆಮೇಲೆ ಆಕ್ಸಿಲರೇಟರ್, ಇದೇ ಅನುಕ್ರಮದಲ್ಲಿ.

ಇನ್ನು ಸ್ಟಾಪ್‌ವಾಚ್ ಮಾತು. ದುಡ್ಡು ಕಟ್ಟುವ ಮೊದಲು ಒಂದು ಬ್ಯಾಚನ್ನು ಹೊರಗೆ ನಿಂತು ನೋಡಲು ಬಿಡಿ ಅಂತ ಕೇಳಿ. ಬಿಡುವುದಿಲ್ಲ ಅಂದವರನ್ನು ಅಲ್ಲೇ ಪಟ್ಟಿಯಿಂದ ತೆಗೆದೆ. ಬಿಟ್ಟ ಕಡೆ ಒಬ್ಬ ಸವಾರನನ್ನು ಮಾತ್ರ ಹಿಡಿದು ಎರಡು ಲೆಕ್ಕ ಇಡಬೇಕು: ಅವನ ಚಕ್ರ ನಿಜವಾಗಿ ತಿರುಗಿದ ನಿಮಿಷ ಎಷ್ಟು, ಮೇಷ್ಟ್ರು ಅವನೊಬ್ಬನಿಗೇ ಕೊಟ್ಟ ತಿದ್ದುಪಡಿ ಎಷ್ಟು. ‘ಚೆನ್ನಾಗಿದೆ’, ‘ಇನ್ನೂ ರಿಲ್ಯಾಕ್ಸ್ ಆಗು’ ಅನ್ನುವುದು ತಿದ್ದುಪಡಿ ಅಲ್ಲ. ‘ಎಡ ಮೊಣಕೈ ಲಾಕ್ ಆಗಿದೆ, ಬಿಡು’ ಅಂದರೆ ಒಂದು.

ನಾನು ಹೋದ ಟ್ರ್ಯಾಕ್ ಕೋರ್ಸಿನ ಶುಲ್ಕವನ್ನು 100 ಅಂತ ಇಟ್ಟುಕೊಳ್ಳಿ. ಎರಡು ದಿನ, ದಿನಕ್ಕೆ ಇಪ್ಪತ್ತು ನಿಮಿಷದ ಐದು ಸರದಿ, ಒಟ್ಟು 200 ನಿಮಿಷ. ಒಬ್ಬ ಮೇಷ್ಟ್ರಿಗೆ ಎಂಟು ಜನ, ನನ್ನ ಪಾಲಿಗೆ ಬಂದ ತಿದ್ದುಪಡಿ ಹತ್ತೋ ಹನ್ನೊಂದೋ. ಸವೆದ ಟೈರು, ಬ್ರೇಕ್ ಪ್ಯಾಡು ಸೇರಿಸಿದರೆ ಖರ್ಚು 140. ಒಂದು ತಿದ್ದುಪಡಿಗೆ 14 ಬಿತ್ತು. ಆಮೇಲೆ ಆರಿಸಿದ ಮೈದಾನದ ಅರ್ಧ ದಿನದ ಕೋರ್ಸಿಗೆ ಶುಲ್ಕ 15, ಮೂರು ಜನಕ್ಕೊಬ್ಬ ಮೇಷ್ಟ್ರು, ನಾಲ್ಕು ಗಂಟೆಯಲ್ಲಿ 130 ನಿಮಿಷ ಸವಾರಿ, ತಿದ್ದುಪಡಿ ನಲವತ್ತರ ಹತ್ತಿರ. ಒಂದು ತಿದ್ದುಪಡಿಗೆ 0.5 ಕೂಡ ಬೀಳಲಿಲ್ಲ. ಎರಡು ಸಲ ಹೋದೆ, ಮುರಿದ ಕ್ಲಚ್ ಲಿವರ್, ಇಂಡಿಕೇಟರ್ ಸೇರಿಸಿ 33 ಆಯಿತು. ಟ್ರ್ಯಾಕಿನಲ್ಲಿ ಕಲಿಯುವುದೇನೂ ಇಲ್ಲ ಅಂತ ನಾನು ಹೇಳುತ್ತಿಲ್ಲ. ಟ್ರೇಲ್ ಬ್ರೇಕಿಂಗ್, ಅಂದರೆ ತಿರುವಿನೊಳಗೆ ಮುಂದಿನ ಬ್ರೇಕನ್ನು ನಿಧಾನವಾಗಿ ಬಿಡುತ್ತಾ ಹೋಗುವುದನ್ನು, ನಿಜವಾದ ವೇಗದಲ್ಲಿ ಅಭ್ಯಾಸ ಮಾಡಲು ಬೇರೆ ಸುರಕ್ಷಿತ ಜಾಗ ಇಲ್ಲ. ನಾನು ಹೋದ ಹೊತ್ತಿಗೆ ಅದಕ್ಕೆ ಬೇಕಾದ ಕೈ ನನ್ನಲ್ಲಿರಲಿಲ್ಲ, ನಷ್ಟವಾದದ್ದು ಅಲ್ಲಿ.

ಇನ್ನೆರಡು ತಪ್ಪು ಲೆಕ್ಕಗಳಿವೆ. ಒಂದು, ಕೋರ್ಸಿನವರೇ ಕೊಡುವ ಹಗುರ ಬೈಕಿನಲ್ಲಿ ಕಲಿತದ್ದು. ಬಿದ್ದರೆ ಖರ್ಚು ಕಡಿಮೆ ಅನ್ನುವುದು ನಿಜ, ಆದರೆ 140 ಕಿಲೋ ಗಾಡಿಯಲ್ಲಿ ಲಿವರ್ ಎಷ್ಟು ಒತ್ತಬೇಕು ಅಂತ ಕಲಿತ ಅಂದಾಜು 210 ಕಿಲೋ ಗಾಡಿಗೆ ಬರುವುದಿಲ್ಲ. ಹಾಗೆ ಕಲಿತು ಬಂದ ಮೇಲೆ ಸ್ವಂತ ಬೈಕಿನಲ್ಲಿ ಬ್ರೇಕ್ ಅಳತೆ ಒಂದು ಮೀಟರೂ ಇಳಿಯಲಿಲ್ಲ. ಇನ್ನೊಂದು, ಇಡೀ ದಿನದ ಕೋರ್ಸ್. ನಾಲ್ಕನೇ ಗಂಟೆ ದಾಟಿದ ಮೇಲೆ ಕ್ಲಚ್ ಹಿಡಿಯುವ ಮುಂಗೈ ಸೋಲುತ್ತದೆ, ಬೆಳಿಗ್ಗೆ ಬಂದದ್ದು ಮಧ್ಯಾಹ್ನ ಕೆಡುತ್ತದೆ. ಮೂರು ನಾಲ್ಕು ವಾರ ಬಿಟ್ಟು ಎರಡು ಅರ್ಧ ದಿನ ಮಾಡುವುದೇ ಸರಿ, ನಡುವೆ ವಾರಕ್ಕೆ ಎರಡು ಸಲ ಇಪ್ಪತ್ತು ನಿಮಿಷ ಸ್ವಂತ ಅಭ್ಯಾಸ.

ಫೋನಿನಲ್ಲೇ ಕೇಳಿ ಮುಗಿಸಬೇಕಾದವು: ಒಬ್ಬ ಮೇಷ್ಟ್ರಿಗೆ ಎಷ್ಟು ಜನ, ಸ್ವಂತ ಬೈಕ್ ತರಬಹುದೇ, ಮಳೆ ಬಂದರೆ ದುಡ್ಡು ವಾಪಸ್ಸೋ ಬೇರೆ ದಿನವೋ, ಗಾಡಿ ಕೆಡಿಸಿದರೆ ಡೆಪಾಸಿಟ್‌ನಲ್ಲಿ ಎಷ್ಟು ಹಿಡಿಯುತ್ತೀರಿ, ಪ್ರಥಮ ಚಿಕಿತ್ಸೆಗೆ ಯಾರಿದ್ದಾರೆ. ನಿಮ್ಮ ವಿಮೆ ಟ್ರ್ಯಾಕಿಗೆ ಅನ್ವಯಿಸುತ್ತದೋ ಇಲ್ಲವೋ ಪಾಲಿಸಿ ತೆಗೆದು ಓದಿಕೊಳ್ಳಿ. ಕೊನೆಗೆ ಒಂದು ಪ್ರಶ್ನೆ: ‘ಜೋರಾಗಿ ಬ್ರೇಕ್ ಹಿಡಿದಾಗ ನನ್ನ ಹಿಂದಿನ ಚಕ್ರ ಏಳುತ್ತೆ ಸಾರ್, ಏನು ಮಾಡಲಿ?’ ತಕ್ಷಣ ಉತ್ತರ ಕೊಟ್ಟವರಿಗಿಂತ, ‘ಯಾವ ಗಾಡಿ, ಟ್ಯಾಂಕನ್ನು ಮೊಣಕಾಲಲ್ಲಿ ಹಿಡೀತೀರಾ, ಲಿವರ್ ಒಮ್ಮೆಗೇ ಎಳೀತೀರಾ?’ ಅಂತ ತಿರುಗಿ ಕೇಳಿದವರೇ ಮೇಷ್ಟ್ರು. ಈ ಪ್ರಶ್ನೆ ನನಗೆ ಒಂದು ಸಲವೂ ಕೈಕೊಟ್ಟಿಲ್ಲ.

ಬ್ರೇಕ್ ಸರಿಹೋದದ್ದು ಹೇಗೆ ಅಂತ ಕೇಳುವವರಿಗೆ ಒಂದು ಕೇಬಲ್ ಟೈ ತೋರಿಸುತ್ತೇನೆ. ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ಹೊಳೆಯುವ ಕೊಳವೆಗೆ ಸಣ್ಣ ಕೇಬಲ್ ಟೈ ಸುತ್ತಿ ಸೀಲಿಗೆ ತಾಗಿಸಿಡಿ. ಬ್ರೇಕ್ ಹಿಡಿದು ನಿಂತ ಮೇಲೆ ಅದು ಸರಿದಿರುವ ದೂರವೇ ಫೋರ್ಕ್ ಕುಗ್ಗಿದ ಅಳತೆ. ಲಿವರನ್ನು ಜಗ್ಗಿ ಹಿಡಿದಾಗ ಟೈ 10ರಿಂದ 15 ಮಿ.ಮೀ. ಹೆಚ್ಚು ಸರಿಯುತ್ತಿತ್ತು, ಆದರೂ ಗಾಡಿ ದೂರ ಹೋಗಿ ನಿಲ್ಲುತ್ತಿತ್ತು. ಮುಂದಿನ ಟೈರಿನ ಮೇಲೆ ಭಾರ ಕೂರುವ ಮೊದಲೇ ಬ್ರೇಕ್ ಕಚ್ಚುವುದು, ಎಬಿಎಸ್ ಬಿಡುವುದು, ಫೋರ್ಕ್ ದಡಕ್ಕನೆ ಇಳಿದು ಮತ್ತೆ ಏಳುವುದು. ಎರಡು ಬೆರಳಲ್ಲಿ ಮೊದಲು ಪ್ಯಾಡ್ ಡಿಸ್ಕಿಗೆ ತಾಗುವಷ್ಟು ಮಾತ್ರ ಒತ್ತಿ, ಮೂತಿ ಇಳಿಯಲು ಶುರುವಾದದ್ದು ಅಂಗೈಗೆ ತಿಳಿದ ಕೂಡಲೇ ಪೂರ್ತಿ ಹಿಂಡುವುದು. ನಡುವಿನ ಹೊತ್ತು ಅರ್ಧ ಸೆಕೆಂಡೂ ಇಲ್ಲ. ಟೈ ಕಡಿಮೆ ಸರಿದು ದೂರವೂ ಕಡಿಮೆಯಾದ ದಿನ ಕೈ ಪಳಗಿತು ಅಂತ ತಿಳಿಯಿರಿ.

ಪಕ್ಕದ ಪ್ರಯೋಗಗಳೂ ಒಂದಿಷ್ಟು ನಡೆದವು. ಐಡ್ಲಿಂಗನ್ನು, ಅಂದರೆ ಗ್ಯಾಸ್ ಕೊಡದಿದ್ದಾಗಿನ ಎಂಜಿನ್ ವೇಗವನ್ನು, 200 ಆರ್‌ಪಿಎಂ ಏರಿಸಿದರೆ ಎಂಟರ ಆಕಾರ ಕೂಡಲೇ ಸುಲಭವಾಯಿತು, ಅಗಲ 6.5ರಿಂದ 6 ಮೀಟರಿಗೆ ಇಳಿಯಿತು. ಮತ್ತೆ ಇಳಿಸಿದಾಗ 6.5ಕ್ಕೇ ವಾಪಸ್, ಕ್ಲಚ್ ಕೈ ಏನೂ ಕಲಿತಿರಲಿಲ್ಲ, ಹಾಗಾಗಿ ಬಿಟ್ಟೆ. ಟೈರಿನ ಗಾಳಿ 4 ಪಿಎಸ್‌ಐ ಇಳಿಸಿದ್ದೂ ದಂಡ, ಹ್ಯಾಂಡಲ್ ಭಾರವಾಯಿತು ಅಷ್ಟೆ. ಕೈಪಿಡಿಯಲ್ಲಿರುವ ಒತ್ತಡವನ್ನೇ ತಣ್ಣಗಿರುವಾಗ ಹಾಕಿ. ಹೆಲ್ಮೆಟ್ ವೈಸರಿನ ಕೆಳ ಮೂರನೇ ಒಂದು ಭಾಗಕ್ಕೆ ಕಾಗದದ ಟೇಪು ಅಂಟಿಸಿ ನೆಲ ಕಾಣದಂತೆ ಮಾಡಿದ್ದು ಮಾತ್ರ ಬಹಳ ಕೆಲಸ ಮಾಡಿತು. ಖಾಲಿ ಮೈದಾನದಲ್ಲಿ, 15 ಕಿ.ಮೀ. ವೇಗದೊಳಗೆ ಮಾತ್ರ ಮಾಡಿ. ಎರಡೇ ದಿನದಲ್ಲಿ ವೃತ್ತದ ಸುತ್ತುಗಳು ಒಂದೇ ಸಮಕ್ಕೆ ಬಂದವು. ಲಿವರ್ ಉಳಿಸಲು, ಹ್ಯಾಂಡಲಿಗೆ ಲಿವರ್ ಕೂರುವ ಜಾಗದಲ್ಲಿ ನೀರಿನ ಪೈಪಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪು ಎರಡು ಸುತ್ತು ಹಾಕಿ, ಕೈಯಿಂದ ಜೋರಾಗಿ ಒತ್ತಿದರೆ ಕ್ಲಾಂಪ್ ತಿರುಗುವಷ್ಟೇ ಬೋಲ್ಟನ್ನು ಬಿಗಿ ಮಾಡಿ. ಗಾಡಿ ಬಿದ್ದರೆ ಲಿವರ್ ತಿರುಗುತ್ತದೆ, ಮುರಿಯುವುದಿಲ್ಲ. ಮೊದಲೇ ಮಾಡಿದ್ದರೆ ಒಂದು ಲಿವರ್ ಉಳಿಯುತ್ತಿತ್ತು.

ಎಡ ಬಲದ ವ್ಯತ್ಯಾಸವನ್ನು ಹೆಚ್ಚುಕಡಿಮೆ ಅಳಿಸಿದ ಕೋನ್ ಜೋಡಣೆ ಒಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಅದರಲ್ಲಿ ಅಂತರ ಅರ್ಧ ಮೀಟರ್ ತಪ್ಪಿದರೂ ಗಾಡಿ ಬೀಳುತ್ತದೆ, ಪಕ್ಕದಲ್ಲಿ ನಿಂತೇ ತೋರಿಸಬೇಕು. ಈಗ ಎಡಕ್ಕೆ 13.5, ಬಲಕ್ಕೆ 13.

ಕೋರ್ಸಿಗೆ ಗಾಡಿ ಒಯ್ಯುವ ವಾರ ಇಷ್ಟು ನೋಡಿ: ಪ್ಯಾಡಿನ ದಪ್ಪ, ಬ್ರೇಕ್ ಆಯಿಲ್‌ನಲ್ಲಿ ಗಾಳಿ, ಚೈನಿನ ಸಡಿಲ, ಕ್ಲಚ್ ಲಿವರಿನ ತುದಿಯಲ್ಲಿ ಒಂದಿಷ್ಟು ಫ್ರೀ ಪ್ಲೇ (ಕ್ಲಚ್ ಎಳೆಯಲು ಶುರುವಾಗುವ ಮೊದಲಿನ ಸಡಿಲ), ಹ್ಯಾಂಡಲ್ ಬೇರಿಂಗಿನಲ್ಲಿ ಆಟ, ಟೈರಿನ ಪಕ್ಕದ ನಾಲ್ಕಂಕಿ ತಯಾರಿಕೆ ಸಂಖ್ಯೆ. ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ. ಸವೆತ ಇಲ್ಲದಿದ್ದರೂ ಹಳೆಯ ಗಟ್ಟಿ ಟೈರಿನಲ್ಲಿ ಬ್ರೇಕ್ ಅಭ್ಯಾಸ ಮಾಡಿದರೆ ಅಂಕಿಗಳೇ ಸುಳ್ಳಾಗುತ್ತವೆ.

ಕೋರ್ಸ್ ಮುಗಿದ ಮರುದಿನದ ಅಳತೆಗೆ ಬೆಲೆ ಕೊಡಬೇಡಿ, ಆ ದಿನ ಎಲ್ಲರದೂ ಚೆನ್ನಾಗಿರುತ್ತದೆ. ಮೂರು ತಿಂಗಳ ಮೇಲೆ ಅದೇ ನೆಲದಲ್ಲಿ, ಅದೇ ಹೊತ್ತಿನಲ್ಲಿ, ಅದೇ ಹನ್ನೆರಡು ಸಲ. ಮೇಲೆ ಕೊಟ್ಟ 17.5ರಿಂದ 19.5 ಆ ದಿನದ್ದು. ವೃತ್ತದ ಸುತ್ತುಗಳೂ 0.3 ಸೆಕೆಂಡಿನೊಳಗೆ ಬಂದಿವೆ. ಟ್ರ್ಯಾಕಿಗೆ ಎರಡನೇ ಸಲ ಈಗ ಹೆಸರು ಕೊಟ್ಟಿದ್ದೇನೆ, ನಾಲ್ಕು ಜನಕ್ಕೊಬ್ಬ ಮೇಷ್ಟ್ರು ಇರುವ ಕಡೆ, ಹೊರಗೆ ನಿಂತು ಒಂದು ಬ್ಯಾಚ್ ನೋಡಿದ ಮೇಲೆ.