ಅಳಿಸಿದ ಸ್ವಾಪ್ ಮತ್ತೆ ಆನ್ ಆಗುತ್ತಿದೆಯಾ?

ಲಿನಕ್ಸ್‌ನಲ್ಲಿ ಎಫ್‌ಎಸ್‌ಟ್ಯಾಬ್‌ನಿಂದ (ಬೂಟ್ ಆಗುವಾಗ ಜೋಡಿಸಬೇಕಾದ ಡಿಸ್ಕ್‌ಗಳ ಪಟ್ಟಿ ಇರುವ ಫೈಲ್) ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಸಾಲು ತೆಗೆದಿದ್ದರೂ ರೀಬೂಟ್ ಆದಮೇಲೆ ಸ್ವಾಪ್ ಆನ್ ಆಗಿದ್ದರೆ ಅದು ಸಿಸ್ಟಮ್‌ಡಿ (ಬೂಟ್ ಆಗುವಾಗ ಎಲ್ಲವನ್ನೂ ಶುರು ಮಾಡುವ ಪ್ರೋಗ್ರಾಂ) ಕೆಲಸ. ಜಿಪಿಟಿ (ಪಾರ್ಟಿಷನ್‌ಗಳ ಪಟ್ಟಿ ಇಡುವ ಒಂದು ವಿಧಾನ) ಡಿಸ್ಕ್‌ನಲ್ಲಿ ಪಾರ್ಟಿಷನ್ ಟೈಪ್ ನೋಡಿ ಸ್ವಾಪ್, ಹೋಮ್ ಎಲ್ಲ ತಾನೇ ಹುಡುಕಿಕೊಳ್ಳುತ್ತದೆ. ಬೇಡ ಅಂದ್ರೆ ಸಿಸ್ಟಮ್‌ಡಿಯಲ್ಲಿ ಆ ಸ್ವಾಪ್ ಯೂನಿಟ್ ಮಾಸ್ಕ್ ಮಾಡಿ, ಅಂದರೆ ಅದು ಶುರುವಾಗದಂತೆ ತಡೆಯಿರಿ. ಒಂದೇ ಡಿಸ್ಕ್ ಇದ್ದರೆ ಈ ಆಟೋಮ್ಯಾಟಿಕ್ ವ್ಯವಸ್ಥೆ ಸಾಕು ಅನ್ನುವುದು ನನ್ನ ಅಭಿಪ್ರಾಯ. ರೂಟ್ (ಸಿಸ್ಟಮ್‌ನ ಮುಖ್ಯ ಪಾರ್ಟಿಷನ್) ಇರುವ ಡಿಸ್ಕ್ ಬಿಟ್ಟು ಅದು ಬೇರೆ ಕಡೆ ನೋಡುವುದಿಲ್ಲ. ಸ್ವಾಪ್ ಫೈಲೂ ಅದಕ್ಕೆ ಕಾಣಿಸಲ್ಲ. ಅವನ್ನೆಲ್ಲ ಎಫ್‌ಎಸ್‌ಟ್ಯಾಬ್‌ನಲ್ಲಿ ಕೈಯಾರೆ ಬರೆಯಬೇಕು.

ಬರೆಯುವಾಗ ಎಸ್‌ಡಿಬಿ1 ತರಹದ ಪಾರ್ಟಿಷನ್ ಹೆಸರು ಹಾಕಬೇಡಿ, ಆ ಹೆಸರು ಬದಲಾಗಬಹುದು. ಯುಯುಐಡಿ (ಪಾರ್ಟಿಷನ್‌ನ ವಿಶಿಷ್ಟ ಗುರುತು ಸಂಖ್ಯೆ) ಹಾಕಿ. ಆದರೆ ಎಂಕೆಸ್ವಾಪ್ (ಸ್ವಾಪ್ ಸಿದ್ಧಪಡಿಸುವ ಕಮಾಂಡ್) ಮತ್ತೆ ಓಡಿಸಿದರೆ ಯುಯುಐಡಿಯೂ ಹೊಸದಾಗುತ್ತದೆ! ಇದನ್ನು ಮರೆತು ಹಳೆಯ ಯುಯುಐಡಿಯನ್ನೇ ಬಿಟ್ಟಿದ್ದೆ, ಸಿಸ್ಟಮ್ ಅದಕ್ಕಾಗಿ ಕಾಯುತ್ತಿತ್ತು, ನಾನು ಪ್ರತಿ ಬೂಟ್‌ಗೂ 1 ನಿಮಿಷ 30 ಸೆಕೆಂಡ್ ಸುಮ್ನೆ ಸ್ಕ್ರೀನ್ ನೋಡುತ್ತಾ ಕೂತಿದ್ದೆ. ಎಕ್ಸ್‌ಟರ್ನಲ್ ಡಿಸ್ಕ್ ಸಾಲಿಗೆ ನೋಫೇಲ್ ಅನ್ನುವ ಆಯ್ಕೆ ಸೇರಿಸಿ, ಡಿಸ್ಕ್ ಇಲ್ಲದಿದ್ದರೂ ಬೂಟ್ ನಿಲ್ಲುವುದಿಲ್ಲ.